ಐದನೆಯ ಈಡು

ಹಳೆಯ ಕಂಬಳಿಯ ಗಂಟು ಬಿಚ್ಚಿದ ಕೂಡಲೇ ಮೂಗಿಗೆ ಬಂದದ್ದು ಹೊಲಿಗೆ ಮಿಷನ್ನಿಗೆ ಬಿಡುವ ಎಣ್ಣೆಯ ವಾಸನೆ. ಅದರ ಹಿಂದೆಯೇ ವಿಭೂತಿಯ ತಣ್ಣನೆಯ ವಾಸನೆ. ಇವೆರಡೂ ಒಂದೇ ಗಂಟಿನಲ್ಲಿ ಇರುವ ಮನೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೆಲ್ಲ ಒಂದೇ ಇದ್ದೀತು, ಅದು ನನ್ನ ಅಕ್ಕನ ಮನೆ. ಗಂಟಿನೊಳಗೆ ಇದ್ದದ್ದು ಭಾವನ ಕೋವಿ. ಭಾವನಿಗೆ ಈಗ ಎಪ್ಪತ್ತು ದಾಟಿದೆ, ಕೈ ನಡುಗುತ್ತದೆ. ಈ ಸಲ ಲೈಸೆನ್ಸು ಮುಂದುವರಿಸುವುದು ಬೇಡ, ಬೇಕಾದವರಿಗೆ ಕೊಟ್ಟುಬಿಡೋಣ ಅಂತ ತೀರ್ಮಾನವಾಗಿತ್ತು. ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬೆಳೆಗಾರರೊಬ್ಬರು ನೋಡಲು ಬರುತ್ತಾರೆ, ನೀನು ಬಂದು ಬೆಲೆ ಹೇಳು ಎಂದು ಅಕ್ಕ ಹೇಳಿಕಳಿಸಿದ್ದಳು. ಹಾಗಾಗಿ ಬೆಳಗ್ಗೆ ಮೊದಲ ಬಸ್ಸಿಗೇ ಕೃಷ್ಣರಾಜನಗರದಿಂದ ಹೊರಟು ಬಂದು ಅಕ್ಕನ ಜಗಲಿಯ ಮೇಲೆ ಕೂತಿದ್ದೆ.

ನಾನು ಬೆಲೆ ಹೇಳದೆ ನಮ್ಮ ಬಳಗದಲ್ಲಿ ಯಾವ ವಸ್ತುವೂ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋದದ್ದಿಲ್ಲ. ಜಂಬ ಅಂದುಕೊಳ್ಳಬೇಡಿ. ಹದಿನಾರನೆಯ ವಯಸ್ಸಿಗೆ ಹುಣಸೂರು ಸಂತೆಯಲ್ಲಿ ಹಗ್ಗ ಮಾರಲು ಕೂತವನು ನಾನು. ಹಗ್ಗ ಮಾರುವವನ ಹತ್ತಿರ ಬರುವವರೆಲ್ಲ ಎಳೆದು ನೋಡಿಯೇ ಕೊಳ್ಳುತ್ತಾರೆ. ಎಳೆಸಿಕೊಂಡು ಎಳೆಸಿಕೊಂಡು, ಎಳೆಯುವವರ ಮುಖ ಓದುವುದು ನನಗೆ ಬಂತು. ಆಮೇಲೆ ಹೊಗೆಸೊಪ್ಪಿನ ವ್ಯಾಪಾರಕ್ಕೆ ಬಿದ್ದೆ. ಸೈಕಲ್ಲೋ, ಎತ್ತೋ, ಹಾರ್ಮೋನಿಯಮ್ಮೋ, ಯಾರು ಏನು ಕೊಳ್ಳುವುದಿದ್ದರೂ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ನೀವೂ ಹಳೆಯ ಯಂತ್ರವೊಂದನ್ನು ಕೊಳ್ಳಲು ಹೊರಟಿದ್ದರೆ ಒಂದು ಮಾತು ಕೇಳಿ: ಬಣ್ಣ ನೋಡಬೇಡಿ, ತಿರುಪುಮೊಳೆಯ ತಲೆ ನೋಡಿ. ತಲೆಯ ಗೆರೆ ಕಿತ್ತುಹೋಗಿದ್ದರೆ ಯಾರೋ ತಿಳಿಯದವನು ಬಿಚ್ಚಿ ಕೂರಿಸಿದ್ದಾನೆ ಎಂದು ಅರ್ಥ. ಈ ಬುದ್ಧಿಯೇನೋ ಒಳ್ಳೆಯದೇ. ಆದರೆ ಇದೇ ಬುದ್ಧಿಯನ್ನು ಹೊತ್ತುಕೊಂಡು ಹೋಗಿ ಒಂದು ವರ್ಷ ನನ್ನ ಅಕ್ಕನ ರಾಗಿಯನ್ನು ಹಂದಿಯ ಬಾಯಿಗೆ ಹಾಕಿದ್ದೆ. ಅದನ್ನೂ ಹೇಳಬೇಕಲ್ಲ.

ಐವತ್ತರ ದಶಕದ ಮಾತು. ಭಾವನ ಮೂರೆಕರೆ ರಾಗಿ ಹೊಲ ಕಾಡಿಗೆ ಅಂಟಿಕೊಂಡಂತೆ ಇತ್ತು. ಅವರ ತಂದೆಯ ಕಾಲದ ಕೇಪಿನ ಕೋವಿಯೊಂದು ಮನೆಯಲ್ಲಿತ್ತು. ನಳಿಗೆಯ ಬಾಯಿಗೆ ಮದ್ದು ಸುರಿದು, ಗಜದ ಕಡ್ಡಿಯಿಂದ ಜಡಿದು, ಕೇಪಿಟ್ಟು ಹೊಡೆಯಬೇಕು. ಒಂದು ಈಡು ಹೊಡೆದರೆ ಇನ್ನೊಂದಕ್ಕೆ ಅಣಿಯಾಗುವಷ್ಟರಲ್ಲಿ ಒಂದು ಎಲೆ ಅಡಿಕೆ ಹಾಕಿ ಮುಗಿಸಬಹುದು. ಈ ಲೆಕ್ಕ ಹಂದಿಗಳಿಗೆ ಚೆನ್ನಾಗಿ ಗೊತ್ತಾಗಿತ್ತು. ಢಂ ಅಂದಾಗ ಒಂದು ಸಲ ತಲೆ ಎತ್ತುತ್ತಿದ್ದವು, ಇನ್ನೊಂದು ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮತ್ತೆ ತಲೆ ತಗ್ಗಿಸಿ ಮೇಯುತ್ತಿದ್ದವು.

ಗುರಿಯಿಟ್ಟು ಒಂದನ್ನು ಹೊಡೆದರೆ ಮಿಕ್ಕವು ಬುದ್ಧಿ ಕಲಿಯುತ್ತಿದ್ದವಲ್ಲ ಎಂದು ನೀವು ಕೇಳಬಹುದು. ನಮ್ಮದು ಲಿಂಗ ಕಟ್ಟಿದ ಮನೆತನ. ಭಾವನಂತೂ ನೊಣ ಹೊಡೆಯುವವರಲ್ಲ. ನಲವತ್ತು ವರ್ಷದಿಂದ ಆ ಮನೆಯ ಕೋವಿ ಆಕಾಶಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಗುರಿ ಇಟ್ಟದ್ದಿಲ್ಲ. "ಅದು ಸಾಯೋದು ಬ್ಯಾಡ ಕಣೋ, ಓಡಬೇಕು ಅಷ್ಟೆಯ" ಎನ್ನುತ್ತಿದ್ದರು.

ಈ ಕೋವಿ ಮನೆಗೆ ಬರುವುದಕ್ಕೆ ಹಿಂದಿನ ವರ್ಷ ಹಂದಿಗಳು ತಿಂದು ಉಳಿಸಿದ್ದು ಅರ್ಧ ವರ್ಷಕ್ಕೂ ಸಾಲಲಿಲ್ಲ. ಅಕ್ಕ ಸಂತೆಯಿಂದ ರಾಗಿ ತರಿಸಬೇಕಾಯಿತು. ಅವಳು ನನ್ನ ಮುಂದೆ ಕಷ್ಟ ಹೇಳಿಕೊಂಡವಳೇ ಅಲ್ಲ. ಆ ಸಲ ಮಾತ್ರ ಬೀಸುವ ಕಲ್ಲಿನ ಮುಂದೆ ಕೂತುಕೊಂಡೇ ಹೇಳಿದಳು: "ರಾಗಿ ಬೆಳೆಯೋ ಮನೇಲಿ ಕೊಂಡ ರಾಗಿ ಬೀಸೋದು ಎಂಗಿರ್ತದೆ ಅಂತ ನಿಂಗೊತ್ತಿಲ್ಲ. ಪಕ್ಕದೋರಿಗೆ ಕಲ್ಲಿನ ಸದ್ದು ಕೇಳ್ದಂಗೆ ಬಾಗ್ಲು ಹಾಕ್ಕೊಂಡು ಬೀಸ್ತೀನಿ." ಆವತ್ತೇ ನಾನು ಮಾತು ಕೊಟ್ಟೆ. ಮುಂದಿನ ವರ್ಷ ನಿನ್ನ ಹೊಲದ ರಾಗಿಯನ್ನೇ ನೀನು ಬೀಸುವ ಹಾಗೆ ಮಾಡುತ್ತೇನೆ, ಅದಕ್ಕೆ ತಕ್ಕ ಕೋವಿ ಕೊಡಿಸುತ್ತೇನೆ ಎಂದು.

ಕೊಡಗಿನ ಕಾಫಿ ತೋಟದ ಬಿಳಿಯರು ಒಬ್ಬೊಬ್ಬರಾಗಿ ಊರಿಗೆ ಹೊರಡುತ್ತಿದ್ದ ಕಾಲ ಅದು. ಅವರ ಕುರ್ಚಿ, ಮೇಜು, ಗ್ರಾಮಫೋನು, ಕೋವಿ ಎಲ್ಲ ಘಟ್ಟ ಇಳಿದು ನಮ್ಮ ಕಡೆ ಬರುತ್ತಿದ್ದವು. ಹುಣಸೂರಿನಲ್ಲಿ ಕೋವಿ, ತೋಟಾ ಮಾರುವ ಸಾಹೇಬರೊಬ್ಬರ ಅಂಗಡಿಗೆ ಎರಡು ಪಂಪ್ ಕೋವಿ ಬಂದಿವೆ ಎಂದು ತಿಳಿಯಿತು. ನಳಿಗೆಯ ಕೆಳಗೆ ಇನ್ನೊಂದು ಕೊಳವೆ, ಅದರೊಳಗೆ ಸಾಲಾಗಿ ತೋಟಾ. ಮುಂದಿನ ಮರದ ಹಿಡಿಯನ್ನು ಸೈಕಲ್ ಪಂಪಿನ ಹಾಗೆ ಹಿಂದಕ್ಕೆ ಎಳೆದರೆ ಖಾಲಿ ತೋಟಾ ಹೊರಗೆ, ಮುಂದಕ್ಕೆ ತಳ್ಳಿದರೆ ಹೊಸದು ಒಳಗೆ. ಉಸಿರು ಬಿಡುವುದರೊಳಗೆ ಐದು ಈಡು. ಹೊಸ ಜೋಡುನಳಿಗೆ ಕೋವಿ ಕೊಳ್ಳುವ ತಾಕತ್ತು ಭಾವನಿಗೆ ಇರಲಿಲ್ಲ. ಇವು ಕೈಗೆ ಎಟುಕುವಂತಿದ್ದವು. ಐದು ಸಲ ಢಂ ಅಂದರೆ ಹಂದಿಗಳ ಲೆಕ್ಕ ತಪ್ಪುತ್ತದೆ ಎಂದು ಭಾವನಿಗೆ ಆಸೆ ಹುಟ್ಟಿತು. ಲೈಸೆನ್ಸಿಗೆ ಓಡಾಡಿದ ಕತೆ ಬೇರೆ, ಅದನ್ನು ಬಿಡೋಣ.

ನಾವು ಅಂಗಡಿಗೆ ಹೋದಾಗ ಗಾವಡಗೆರೆ ಹೋಬಳಿಯ ಮಾದೇಗೌಡರು ಆಗಲೇ ಬಂದು ಕೂತಿದ್ದರು. ದೊಡ್ಡ ಶಿಕಾರಿ ಎಂದು ಹೆಸರಾದವರು. ಮೀಸೆಯೂ ಹೆಸರಿಗೆ ತಕ್ಕಂತೆ ಇತ್ತು. ಸಾಹೇಬರು ಎರಡೂ ಕೋವಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಮಲಗಿಸಿದರು.

ಮೊದಲನೆಯದರ ಚೆಂದ ಏನು ಹೇಳಲಿ. ಉಕ್ಕಿಗೆ ನವಿಲಿನ ಕತ್ತಿನ ಬಣ್ಣ. ಮರಕ್ಕೂ ಉಕ್ಕಿಗೂ ನಡುವೆ ಒಂದು ಕೂದಲು ತೂರುವ ಸಂದಿಲ್ಲ. ಒಂದು ತಿರುಪುಮೊಳೆಯ ತಲೆಯೂ ಕಿತ್ತಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ, ಚೂರೂ ಸದ್ದಿಲ್ಲ. ಮುಂದಿನ ಹಿಡಿಯನ್ನು ಎಳೆದರೆ ಎಣ್ಣೆ ಕುಡಿದ ರಾಟೆಯ ಹಾಗೆ ಬಂತು. ಎರಡನೆಯದರ ಬಣ್ಣವೆಲ್ಲ ಹೋಗಿ ನಳಿಗೆ ಬೋಳಾಗಿತ್ತು. ಮುಂದಿನ ಹಿಡಿ ಯಾವಾಗಲೋ ಸೀಳಿ, ಅದಕ್ಕೆ ಹಿತ್ತಾಳೆ ತಂತಿ ಸುತ್ತಿದ್ದರು. ತಿರುಪುಮೊಳೆಗಳ ತಲೆಗಳಂತೂ ಇಲಿ ಕಡಿದ ಹಾಗಿದ್ದವು. ಎತ್ತಿಕೊಂಡರೆ ಸಾಕು, ಮೈಯೆಲ್ಲ ಗಡಗಡ.

"ಇದು ವಸಿ ಸಡಿಲ ಅದೆ" ಎಂದರು ಮಾದೇಗೌಡರು, ಮೆಚ್ಚಿಕೊಂಡವರ ಹಾಗೆ.

"ಗೌಡ್ರೇ, ಇದನ್ನ ಹೆಗಲಿಗೆ ಹಾಕ್ಕೊಂಡು ನೀವು ಮನೆ ಬಿಟ್ರೆ ಕಾಡಿನಲ್ಲಿರೋ ಪ್ರಾಣಿಗೆಲ್ಲ ಗೊತ್ತಾಗುತ್ತೆ. ಕೊರಳಿಗೆ ಗಂಟೆ ಕಟ್ಟಿರೋ ಎತ್ತು ಇದು" ಎಂದೆ. ಅಂಗಡಿಯಲ್ಲಿ ಇದ್ದವರೆಲ್ಲ ನಕ್ಕರು. ನಗಿಸಿದರೆ ನಾನು ಸುಮ್ಮನಾಗುವವನಲ್ಲ. "ಇದನ್ನ ಮಾಡಿದೋನು ಕಮ್ಮಾರ ಅಲ್ಲ, ಡಬ್ಬಿ ತಗಡು ಬಡಿಯೋನು" ಎಂದೂ ಸೇರಿಸಿದೆ.

ಗೌಡರು ಮೀಸೆ ಸವರಿಕೊಂಡು ಕೇಳಿದರು: "ಯಜಮಾನ್ರೇ, ನಿಮ್ಗೆ ಕೋವಿ ಬೇಕಾಗಿರೋದು ಅಜಾರದ ಗೋಡೆಗಾ, ಒಲಕ್ಕಾ?"

ನಾನು ಆ ಪ್ರಶ್ನೆಯನ್ನು ಸೋತವನ ಮಾತು ಎಂದುಕೊಂಡೆ. ಸಾಹೇಬರು ಒಳ್ಳೆಯವರು. "ಹೊಳೆ ಕಡೆ ಹೋಗಿ ಹೊಡೆದು ನೋಡಿ ಬನ್ನಿ ಯಜಮಾನ್ರೇ, ಆಮೇಲೆ ಮಾತಾಡೋಣ" ಎಂದು ತೋಟಾ ಕೊಟ್ಟರು. ಲಕ್ಷ್ಮಣತೀರ್ಥದ ದಂಡೆಯಲ್ಲಿ ಒಂದು ಒಡಕು ಮಡಕೆಯನ್ನು ಇಟ್ಟು ಚೆಂದದ ಕೋವಿಯಲ್ಲಿ ನಾನೇ ಒಂದು ಈಡು ಹೊಡೆದೆ. ಮಡಕೆ ಪುಡಿಪುಡಿಯಾಯಿತು. ಗಡಗಡ ಕೋವಿಯಲ್ಲಿ ಹೊಡೆದದ್ದಕ್ಕೆ ಇನ್ನೊಂದು ಮಡಕೆಯ ಕಂಠ ಮಾತ್ರ ಹಾರಿತು. ನನ್ನ ತೀರ್ಪು ಮುಗಿದುಹೋಯಿತು. ಆಗ ಭಾವ ನನ್ನ ತೋಳು ಮುಟ್ಟಿ ಮೆಲ್ಲಗೆ ಕೇಳಿದರು: "ಐದೂ ಆರ್ತದಾ ಅಂತ ಒಂದಪ ನೋಡಾನ?"

"ಭಾವ, ಇಂಥ ಕೋವಿಗೆ ಒಂದು ಹಾರಿದ್ರೆ ಐದೂ ಹಾರಿದಂಗೆ. ತೋಟಾ ಯಾಕೆ ದಂಡ" ಎಂದೆ.

ಅವರು ಮತ್ತೆ ಕೇಳಲಿಲ್ಲ. ಅವರ ಸ್ವಭಾವವೇ ಹಾಗೆ. ಒಬ್ಬರನ್ನು ನಂಬಿದ ಮೇಲೆ ತಮ್ಮ ಕಿವಿಯನ್ನೂ ಅವರಿಗೇ ಕೊಟ್ಟುಬಿಡುತ್ತಿದ್ದರು. ಗಡಗಡ ಕೋವಿಯನ್ನು ಗೌಡರು ಎತ್ತಿಕೊಂಡು ಹೋದರು. ಚೆಂದದ ಕೋವಿ ಅಕ್ಕನ ಮನೆ ಸೇರಿತು. ಹೊರಡುವ ಮುಂಚೆ ನಾನು ಭಾವನಿಗೆ ಇನ್ನೊಂದು ಸಲಹೆಯನ್ನೂ ಕೊಟ್ಟೆ: "ಎಣ್ಣೆ ಮಾತ್ರ ಧಾರಾಳವಾಗಿ ಬಿಡಿ ಭಾವ. ಜಿಪುಣತನ ಬೇಡ." ಸಲಹೆ ಕೊಡುವಾಗ ನನ್ನ ಕೈಯೂ ಧಾರಾಳವೇ.

ಆಯುಧಪೂಜೆಗೆ ನಾನು ಅಲ್ಲೇ ಇದ್ದೆ. ನೇಗಿಲು, ಕುಡುಗೋಲು, ಮಚ್ಚು, ಹಳೆಯ ಕೇಪಿನ ಕೋವಿ, ಹೊಸ ಪಂಪ್ ಕೋವಿ ಎಲ್ಲವನ್ನೂ ಕಂಬಳಿಯ ಮೇಲೆ ಸಾಲಾಗಿ ಇಟ್ಟಿದ್ದರು. ಭಾವ ಪೂಜೆ ಮಾಡುವುದನ್ನು ನೀವು ನೋಡಬೇಕಿತ್ತು. ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮೂರು ಬೆರಳು ಅದ್ದಿ, ಮಗುವಿನ ಹಣೆಗೆ ಇಡುವ ಹಾಗೆ ಒಂದೊಂದಕ್ಕೂ ಇಡುತ್ತಿದ್ದರು. ಹೊಸ ಕೋವಿಗೆ ವಿಶೇಷ ಉಪಚಾರ. ನಳಿಗೆಗೆ ಮೂರು ಪಟ್ಟೆ, ಕೆಳಗಿನ ಕೊಳವೆಗೆ ಮೂರು ಪಟ್ಟೆ, ತೋಟಾ ಒಳಗೆ ಹೋಗುವ ಕಡೆಯೂ ಮೂರು ಪಟ್ಟೆ, ಅದರ ಮೇಲೆ ಕುಂಕುಮ. ಆ ಮನೆಯಲ್ಲಿ ಆಯುಧಕ್ಕೆ ಇಟ್ಟ ವಿಭೂತಿಯನ್ನು ಒರೆಸುವಂತಿಲ್ಲ. ಕೆಲಸ ಮಾಡುತ್ತ ಅದಾಗಿ ಅದೇ ಹೋಗಬೇಕು. ಕುಡುಗೋಲಿನದು ಒಂದೇ ದಿನದಲ್ಲಿ ಹೋಗುತ್ತದೆ. ಗೋಡೆಯ ಗೂಟಕ್ಕೆ ನೇತುಹಾಕಿದ ಕೋವಿಯದು ಹೇಗೆ ಹೋದೀತು? ನನಗೆ ಆಗ ಇದು ಹೊಳೆಯಲೇ ಇಲ್ಲ. "ಈ ಕಡೆಗೂ ಒಂದಿಷ್ಟು ಇಡಿ ಭಾವ" ಎಂದು ಬೆರಳು ತೋರಿಸಿದವನೂ ನಾನೇ.

ರಾಗಿ ತೆನೆಗೆ ಹಾಲು ತುಂಬಿ ಕಾಳು ಬಲಿಯತೊಡಗಿತು. ಹಂದಿ ಬರತೊಡಗಿವೆ ಎಂದು ಸುದ್ದಿ ಬಂದದ್ದೇ ನಾನು ಹೊರಟುಬಂದೆ. ನಾನು ಕೊಡಿಸಿದ ಕೋವಿಯ ಸದ್ದನ್ನು ನಾನೇ ಕೇಳಬೇಕಲ್ಲ. ಬೆಳಕು ಹರಿಯುವ ಹೊತ್ತು. ಭಾವ ಮತ್ತು ನಾನು ಹೊಲದ ಅಟ್ಟಣೆಯ ಮೇಲೆ ಕೂತಿದ್ದೆವು, ಅಕ್ಕ ಕೆಳಗೆ ಬದುವಿನ ಮೇಲೆ ನಿಂತಿದ್ದಳು. ಭಾವ ಮೊದಲ ತೋಟಾವನ್ನು ಏರಿಸಲು ಹಿಡಿ ಎಳೆದಾಗ ಕರಕರ ಅಂದಂತಾಯಿತು. "ಬಿಗಿ ಅದೆ ಕಣೋ" ಎಂದರು. "ಬಿಗಿ ಇದ್ರೇನೇ ಒಳ್ಳೇದು ಭಾವ" ಎಂದೆ.

ಮಂಜಿನಲ್ಲಿ ಕಪ್ಪಗೆ ಹದಿನೈದು ಇಪ್ಪತ್ತು ಬೆನ್ನುಗಳು ಕಂಡವು. ಭಾವ ಆಕಾಶಕ್ಕೆ ಹೊಡೆದರು. ಢಂ. ಹಂದಿಗಳು ತಲೆ ಎತ್ತಿದವು. ಭಾವ ಹಿಡಿಯನ್ನು ಹಿಂದಕ್ಕೆ ಎಳೆದರು. ಅರ್ಧ ಬಂತು, ನಿಂತಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ನಾನು ಕೋವಿಯ ಹಿಂದಿನ ಮರ ಹಿಡಿದೆ, ಅವರು ಮುಂದಿನ ಹಿಡಿ ಹಿಡಿದರು. ನಳಿಗೆಯನ್ನು ಮೇಲೆ ಮಾಡಿಕೊಂಡು ಅಟ್ಟಣೆಯ ಮೇಲೆ ಇಬ್ಬರೂ ಹಗ್ಗ ಜಗ್ಗಾಡುವವರ ಹಾಗೆ ಜಗ್ಗಿದೆವು. ನಮ್ಮನ್ನು ನೋಡುತ್ತಿದ್ದ ಹಂದಿಗಳು ಇನ್ನು ಭಯವಿಲ್ಲವೆಂದು ತಲೆ ತಗ್ಗಿಸಿದವು.

ಅಕ್ಕ ಬದುವಿನ ಮೇಲಿದ್ದ ಸೀಮೆಎಣ್ಣೆ ಡಬ್ಬವನ್ನು ಎತ್ತಿಕೊಂಡು, ಕಲ್ಲಿನಿಂದ ಬಡಿಯುತ್ತ ನೇರ ಹೊಲದೊಳಕ್ಕೆ ಹೊರಟಳು. ನಾನು ಅಟ್ಟಣೆಯಿಂದ ಇಳಿದದ್ದೋ ಬಿದ್ದದ್ದೋ ನೆನಪಿಲ್ಲ. ಹಂದಿಗಳು ಕೊನೆಗೆ ಹೋದವು, ಆದರೆ ಅವಸರ ಮಾಡಲಿಲ್ಲ. ಅರ್ಧ ಎಕರೆ ರಾಗಿ ಚಾಪೆ ಹಾಸಿದ ಹಾಗೆ ಮಲಗಿತ್ತು. ಅಕ್ಕ ಡಬ್ಬ ಕೆಳಗಿಟ್ಟು, ಕೂತು, ಮಣ್ಣಿನಲ್ಲಿ ಅದ್ದಿಹೋದ ತೆನೆಗಳನ್ನು ಒಂದೊಂದಾಗಿ ಆಯ್ದು ಮಡಿಲಿಗೆ ಹಾಕಿಕೊಳ್ಳತೊಡಗಿದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಿತವಾಗಿರುತ್ತಿತ್ತು. ಇನ್ನೂ ಎರಡೂವರೆ ಎಕರೆ ನಿಂತಿತ್ತು. ಕೊಯ್ಲಿಗೆ ಹತ್ತು ಹನ್ನೆರಡು ದಿನ ಬೇಕಿತ್ತು.

ಅವತ್ತೇ ಗಾವಡಗೆರೆ ಕಡೆಗೆ ಹೊರಟೆ. ಮಾದೇಗೌಡರು ಅಂಗಳದಲ್ಲಿ ಎತ್ತಿಗೆ ಹಿಂಡಿ ಕಲಸುತ್ತಿದ್ದರು. ನಾಲ್ಕು ಜನ ನೆಂಟರೂ ಇದ್ದರು. ವಿಷಯವೆಲ್ಲ ಹೇಳಿ, ಕೊಯ್ಲಿನವರೆಗೆ ನಿಮ್ಮ ಕೋವಿ ತಂದು ಕಾಯಬೇಕು ಎಂದು ಬೇಡಿಕೊಂಡೆ. ಗೌಡರು ಕೈ ತೊಳೆದುಕೊಂಡು ಬಂದು ಕೂತರು.

"ಅವತ್ತು ಸಾಯಬ್ರ ಅಂಗಡೀಲಿ ನನ್ ಕೋವಿಗೆ ಏನೋ ಅಂದ್ರಲ್ಲ ಯಜಮಾನ್ರೇ. ಇವ್ರೆಲ್ಲ ಕೇಳಿಲ್ಲ. ಇನ್ನೊಂದಪ ಅನ್ನಿ."

"ಬಿಡಿ ಗೌಡ್ರೇ, ಹಳೇ ಮಾತು."

"ಹಳೇ ಮಾಲಿಗೆ ಬೆಲೆ ಕಟ್ಟೋರು ನೀವು. ಹಳೇ ಮಾತಿಗೆ ಕಟ್ಟಾಕಿಲ್ವಾ? ಅನ್ನಿ, ಅನ್ನಿ."

ಹೇಳಿದೆ. ಗಂಟೆ ಕಟ್ಟಿದ ಎತ್ತು ಅಂದೆ, ಡಬ್ಬಿ ತಗಡು ಬಡಿಯೋನು ಅಂದೆ. ಈ ಸಲ ಯಾರೂ ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು. ಗೌಡರು "ನಿಮ್ಮಕ್ಕ ಡಬ್ಬ ಬಡ್ಕೊಂಡು ಅಂದಿಗಳ ನಡುವಕ್ಕೆ ನುಗ್ಗಿದ್ರಾ?" ಎಂದು ಕೇಳಿದರು. ಹೌದೆಂದೆ. "ಅಂಗಾದ್ರೆ ಆ ಅಕ್ಕಯ್ಯಂಗೋಸ್ಕರ ಬತ್ತೀನಿ. ನಿಮ್ಗಲ್ಲ" ಎಂದು ಎದ್ದರು.

ಮಾದೇಗೌಡರು ಅಕ್ಕನ ಮನೆಯಲ್ಲಿ ಕೊಯ್ಲು ಮುಗಿಯುವವರೆಗೂ ಇದ್ದರು. ಶಿಕಾರಿಯೊಬ್ಬ ಲಿಂಗ ಕಟ್ಟಿದವರ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು ಉಂಡುಕೊಂಡು ಹತ್ತು ದಿನ ಹಂದಿಯ ಎದುರು ಕೂರುವುದು ಸಾಮಾನ್ಯ ತಪಸ್ಸಲ್ಲ. ಮೂರನೆಯ ದಿನ ಉಣ್ಣುತ್ತ ಕೂತಾಗ ಮೆಲ್ಲಗೆ ಕೇಳಿಯೇಬಿಟ್ಟರು: "ಅಕ್ಕಯ್ಯ, ಒಂದೇ ಒಂದು. ಸಣ್ಣುದು. ಊರಿಂದಾಚೆ ತಕ್ಕೊಂಡೋಗಿ ಬೇಯಿಸ್ಕತೀನಿ."

ಅಕ್ಕ ಅವರ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ ಹೇಳಿದಳು: "ನನ್ ರಾಗಿ ತಿಂದದ್ದಕ್ಕೆ ಓಡ್ಲಿ ಗೌಡ್ರೇ. ಸಾಯೋವಷ್ಟೇನೂ ತಿಂದಿಲ್ಲ ಅವು."

ಗೌಡರ ಕೋವಿಯನ್ನು ಮೊದಲ ಮುಂಜಾನೆ ಕೇಳಿದಾಗಲೇ ನನಗೆ ಎಲ್ಲ ಗೊತ್ತಾಯಿತು. ಢಂ. ಹಂದಿಗಳು ಪದ್ಧತಿಯಂತೆ ತಲೆ ಎತ್ತಿದವು. ಗಡಗಡ, ಢಂ. ಕಿವಿ ನಿಮಿರಿದವು. ಗಡಗಡ, ಢಂ. ಆ ಮುರುಕು ಹಿಡಿ, ಹಿತ್ತಾಳೆ ತಂತಿ, ಎಲ್ಲ ಕುಣಿಯುತ್ತ ಐದು ಈಡು ಮುಗಿಯುವಷ್ಟರಲ್ಲಿ ಹೊಲದಲ್ಲಿ ಒಂದೂ ಇರಲಿಲ್ಲ. ಮರಿಗಳು ಅಮ್ಮಂದಿರನ್ನು ದಾಟಿಕೊಂಡು ಓಡಿದ್ದವು.

ಅವತ್ತು ಬಿಸಿಲೇರಿದ ಮೇಲೆ ಜಗಲಿಯಲ್ಲಿ ಕೂತು ಗೌಡರು ನಮ್ಮ ಕೋವಿಯನ್ನು ಬಿಚ್ಚಿದರು. ಒಳಗೆಲ್ಲ ಬೂದುಬಣ್ಣದ ಗಾರೆ. ವಿಭೂತಿ, ಕುಂಕುಮ, ಎಣ್ಣೆ, ಮಂಜಿನ ಹನಿ ಎಲ್ಲ ಸೇರಿ ಮನೆ ಕಟ್ಟುವಷ್ಟು ಗಟ್ಟಿಯಾಗಿ ಕೂತಿತ್ತು. "ನಾನೂ ಇಟ್ಟಿದ್ದೆ ನಂದಕ್ಕೆ" ಎಂದರು ಗೌಡರು. "ಒಳಗೆ ಜಾಗ ಅದೆ ನೋಡಿ, ಒಣಗಿ ಉದುರೋಯ್ತು. ನಿಮ್ದು ಚೆಂದ ಕಣ್ರೀ, ಸುಳ್ಳಲ್ಲ. ಉಸುರಾಡಾಕೆ ಜಾಗ ಇಲ್ಲ ಅಷ್ಟೆಯ."

ಭಾವನ ಮುಖ ಸಣ್ಣದಾಯಿತು. "ತಪ್ಪು ನಂದೇಯ. ಕೋವಿ ಅಂಥ ಸಾಮಾನಿಗೆ ಈಬೂತಿ ಇಡಬಾರದಾಗಿತ್ತು. ಶಿವ ಒಪ್ಪಲಿಲ್ಲ. ಇನ್ನ್ಮೇಲೆ ಯಾವುದಕ್ಕೂ ಇಡೋದು ಬ್ಯಾಡ ಬುಡು" ಎಂದರು.

ಎದುರಿನವರು ತಪ್ಪನ್ನು ತಾವೇ ಹೊತ್ತುಕೊಂಡರೆ ನಾನು ವ್ಯಾಪಾರದಲ್ಲಿ ಒಂದು ದಿನವೂ ಬೇಡವೆಂದಿರಲಿಲ್ಲ. ಸುಮ್ಮನೆ ಇದ್ದಿದ್ದರೆ ಆಗುತ್ತಿತ್ತು. ಆದರೆ ಅಕ್ಕ ಅಂಗಳದಲ್ಲಿ ಆ ಮಣ್ಣಿನ ತೆನೆಗಳನ್ನು ತೊಳೆದು ಒಣಗಲು ಹರಡುತ್ತಿದ್ದಳು. ಒಂದೊಂದನ್ನೇ ಬಿಡಿಸಿ ಇಡುತ್ತಿದ್ದಳು.

"ಇಲ್ಲ ಭಾವ" ಎಂದೆ. "ಹೊಳೆ ದಂಡೇಲಿ ನೀವು ಐದು ಕೇಳಿದ್ರಿ. ನಾನು ಒಂದು ಹೊಡೆದು ಮಡಕೆ ಒಡೆದೆ. ನಿಮಗೆ ಮಡಕೆ ಒಡೆಯೋ ಕೆಲಸ ಇರಲಿಲ್ಲ. ನಿಮಗೆ ಬೇಕಾಗಿದ್ದೇನು ಅಂತ ನಾನು ನೋಡ್ಲಿಲ್ಲ, ನನಗೆ ಹಿಡಿಸಿದ್ದನ್ನ ನಿಮಗೆ ಕೊಡಿಸ್ದೆ. ಎಣ್ಣೆ ಸುರಿಯೋಕೆ ಹೇಳಿದ್ದೂ ನಾನೇ."

ಅಕ್ಕನ ಕೈ ಒಂದು ಕ್ಷಣ ನಿಂತದ್ದು ಕಂಡಿತು. ಭಾವ ಮಾತ್ರ ಇಷ್ಟನ್ನೆಲ್ಲ ಕೇಳಿ ತಮಗೆ ಬೇಕಾದದ್ದನ್ನು ಮಾತ್ರ ಆರಿಸಿಕೊಂಡರು. "ಅಂಗಾದ್ರೆ ಈಬೂತಿ ಇಡಬೋದು ಅನ್ನು."

"ಮರದ ಮ್ಯಾಗೆ ಇಡಿ ಸ್ವಾಮಿ" ಎಂದರು ಗೌಡರು.

ಎರಡೂವರೆ ಎಕರೆ ರಾಗಿ ಕಣ ಸೇರಿತು. ಆ ವರ್ಷ ಅಕ್ಕ ಬಾಗಿಲು ತೆರೆದುಕೊಂಡೇ ಬೀಸಿದಳು. ಗೌಡರು ಹೊರಟಾಗ ಅವರ ಹೆಗಲಿಗೆ ಕೋವಿಯ ಜೊತೆ ಒಂದು ರಾಗಿ ಚೀಲವೂ ಏರಿತು. ಬೇಡವೆನ್ನಲು ಅವರು ಬಾಯಿ ತೆರೆದರು, ಅಕ್ಕನ ಮುಖ ನೋಡಿ ಮುಚ್ಚಿಕೊಂಡರು. ಆಮೇಲೆ ನಮ್ಮ ಚೆಂದದ ಕೋವಿ ಒಳಗೆ ಶುಚಿಯಾಗಿ, ಲೆಕ್ಕದ ಎಣ್ಣೆ ಕುಡಿದು, ಬಹಳ ವರ್ಷ ಕೆಲಸ ಮಾಡಿತು. ಆದರೂ ಪ್ರತಿ ಸಲ ರಾಗಿಗೆ ಹಾಲು ತುಂಬಿದಾಗ ನನಗೆ ಊರಿನಲ್ಲಿ ಕೂತಲ್ಲೇ ಐದನೆಯ ಈಡಿನದೇ ಚಿಂತೆ.

ಇವತ್ತು ಗಂಟು ಬಿಚ್ಚಿ ಕೋವಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಭ್ಯಾಸದಂತೆ ತಿರುಪುಮೊಳೆ ನೋಡಿದೆ. ಎಲ್ಲ ಸರಿಯಾಗಿದ್ದವು. ಹಿಂದಿನ ಮರವನ್ನು ತಿರುಗಿಸಿದರೆ, ಅಲ್ಲಿ ಮೂರು ಪಟ್ಟೆ. ವರ್ಷ ವರ್ಷವೂ ಅದೇ ಜಾಗಕ್ಕೆ ಅದೇ ಮೂರು ಬೆರಳು ಇಟ್ಟು, ಮರಕ್ಕೇ ಬಿಳಿಯ ಬಣ್ಣ ಹಿಡಿದುಬಿಟ್ಟಿದೆ. ಇದಕ್ಕೆ ಎಷ್ಟು ಸೇರಿಸಬೇಕು, ಎಷ್ಟು ಕಳೆಯಬೇಕು ಎಂದು ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಪಿರಿಯಾಪಟ್ಟಣದವರು ಬಂದರು. ಗಟ್ಟಿ ಮನುಷ್ಯ. ಕೋವಿಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ಅವರ ಮುಖ ಅರಳಿತು. ಆ ಮುಖ ನನಗೆ ಗುರುತಿತ್ತು. "ಏನ್ ಬಿಗಿ ಅದೆ ನೋಡಿ, ನೋಡೋದೇನೂ ಬ್ಯಾಡ, ಬೆಲೆ ಹೇಳಿ" ಎಂದರು.

ನಾನು ಮಾರುವವರ ಕಡೆಯವನು. ಇಂಥ ಗಳಿಗೆಗಾಗಿ ಜೀವಮಾನವೆಲ್ಲ ಕಾದವನು. "ನಿಮಗೆ ಕೋವಿ ಯಾತಕ್ಕೆ ಬೇಕು?" ಎಂದು ಕೇಳಿದೆ.

"ಅಂದಿ ಕಾಟ. ಓಡ್ಸೋಕೆ."

"ಹಂಗಾದ್ರೆ ಹೊಲಕ್ಕೆ ಹೋಗಿ ಐದೂ ಹೊಡೆದು ಬನ್ನಿ. ಆಮೇಲೆ ಬೆಲೆ."

ಭಾವ ತಲೆಯೆತ್ತಿ ನನ್ನನ್ನು ನೋಡಿದರು. ಒಳಗೆ ಹೋಗಿ ಐದು ತೋಟಾ ಎಣಿಸಿಕೊಂಡು ಬಂದು, ಪಿರಿಯಾಪಟ್ಟಣದವರ ಜೊತೆ ಹೊಲದ ದಾರಿ ಹಿಡಿದರು. ಜಗಲಿಯಲ್ಲಿ ನಾನು ಮತ್ತು ಅಕ್ಕ ಉಳಿದೆವು. ಅವಳು ಮೊರದಲ್ಲಿ ರಾಗಿ ಕೇರುತ್ತಿದ್ದಳು.

ಒಂದು ಕೇಳಿಸಿತು. ಎರಡು. ಮೂರು. ನಾಲ್ಕು.

ಆಮೇಲೆ ಸದ್ದಿಲ್ಲ. ಅಕ್ಕನ ಮೊರ ನಿಂತಿತು. ನಾನು ಕಾಲಿನ ಹೆಬ್ಬೆರಳು ನೋಡುತ್ತ ಕೂತೆ.

ಐದನೆಯದೂ ಬಂತು.

ಅಕ್ಕ ಮತ್ತೆ ಮೊರ ಎತ್ತಿ ಕೇರತೊಡಗಿದಳು. "ಊಂ" ಎಂದಳು, "ಈಗ ಹೇಳು ನಿನ್ ಬೆಲೇನ."